ಪಂಚಾಕ್ಷರಪ್ಪನವರ ಅಪಾಯಕಾರಿ ಪ್ರಬಂಧ

ಚಿತ್ರದುರ್ಗದಿಂದ ದಿನಾ ಬಸ್ಸಿನಲ್ಲಿ ಬಂದು ಹಿರಿಯೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವ ಪಂಚಾಕ್ಷರಪ್ಪನವರು ಒಂದು ಕಾಡುಕಾಯಿಯ ಮೇಲೆ ಸಂಶೋಧನೆ ಮಾಡಿದರು. ಕಾಯಿಯ ಹೆಸರು ನಾನು ಹೇಳುವುದಿಲ್ಲ; ಅವರು ಹೇಳಿ ಆದದ್ದೇ ಸಾಕು. ಹಿಂದೆ ಅದನ್ನು ಜಜ್ಜಿ ಹಳ್ಳಕ್ಕೆ ಹಾಕಿ, ಮತ್ತೇರಿ ತೇಲುವ ಮೀನು ಹಿಡಿಯುತ್ತಿದ್ದರು. ಅದರ ವಿಷದ ಒಳಗುಟ್ಟನ್ನೆಲ್ಲ ಬರೆದು ಮೇಷ್ಟ್ರು ಒಂದು ವಿಜ್ಞಾನ ಪತ್ರಿಕೆಗೆ ಕಳಿಸಿದರು.

ಸಂಪಾದಕರಿಂದ ಉತ್ತರ ಬಂತು: ಪ್ರಬಂಧ ಚೆನ್ನಾಗಿದೆ, ಆದರೆ ದುರುಪಯೋಗವಾದೀತೆಂದು ಪರಿಶೀಲಕರಿಗೆ ಆತಂಕ. ಪ್ರಮಾಣವನ್ನೂ ತಯಾರಿಯ ವಿಧಾನವನ್ನೂ ತೆಗೆದರೆ ಅಚ್ಚು ಹಾಕುತ್ತೇವೆ. ನಿಜವಾದ ಸಂಶೋಧಕರು ಕೇಳಿದರೆ ವಿಚಾರಿಸಿ ಕೊಡೋಣ.

ಇನ್ನೊಬ್ಬರಾದರೆ ಒಪ್ಪಿ ಸುಮ್ಮನಾಗುತ್ತಿದ್ದರು. ಇವರ ಎದೆ ಉಬ್ಬಿತು. ಆ ಉತ್ತರವಿದ್ದ ಮೊಬೈಲ್ ಹಿಡಿದು ಕಾಲೇಜಿನ ಎದುರಿನ ಮಂಜಣ್ಣನ ಹೋಟೆಲಿಗೆ ಹೋದರು.

"ನೋಡ್ರಪ್ಪ, ನನ್ನ ಪ್ರಬಂಧ ಕಂಡ್ರೆ ಪತ್ರಿಕೆಯೋರಿಗೇ ಹೆದ್ರಿಕೆ!"

"ಬಿಡ್ರಿ ಸಾ, ಆ ಕಾಯಿಗೆ ಯಾರ್ ಹೆದ್ರುತಾರೆ?" ಎಂದ ಮಂಜಣ್ಣ, ದೋಸೆ ಮಗುಚುತ್ತ. "ನಮ್ ತಾತ ಹಾಕಿದ್ರೆ ಅರ್ಧ ಮೀನು ಎದ್ದು ಓಡೋಗವು."

ತಾತನಿಗಿಂತ ತಾವು ಹೆಚ್ಚು ಎಂದು ತೋರಿಸದೆ ಮೇಷ್ಟ್ರಿಗೆ ಕಾಫಿ ಇಳಿಯಲಿಲ್ಲ. ಒಂದು ಮೀನೂ ಏಳದ ಹಾಗೆ ಮಾಡುವ ಹದವನ್ನು ಪಾಠದಂತೆ ಬಿಡಿಸಿ ಹೇಳಿದರು. ತರಗತಿಯಲ್ಲಿ ಆಕಳಿಸುವವರೇ ಹೆಚ್ಚು. ಹೋಟೆಲಿನಲ್ಲಿ ಎಲ್ಲರೂ ಕಿವಿಗೊಟ್ಟರು.

ಆ ವಾರವೇ ಮೇಷ್ಟ್ರ ಬಸ್ಸಿನ ದಾರಿಯ ಐಮಂಗಲದ ಸಿದ್ದಕ್ಕ, ರಸ್ತೆ ಪಕ್ಕದ ಕಟ್ಟೆ ಗುತ್ತಿಗೆ ಹಿಡಿದು ಮೀನು ಸಾಕುವವಳು, ಸತ್ತ ಮೀನಿನ ಬುಟ್ಟಿ ಹೊತ್ತು ಕಾಲೇಜಿಗೇ ಬಂದಳು. ಅಧ್ಯಾಪಕರ ಕೊಠಡಿಯಲ್ಲಿ ಎಲ್ಲರೂ ಮೂಗು ಮುಚ್ಚಿಕೊಂಡರು.

"ಯಾರೋ ಕಟ್ಟೆಗೆ ಕಾಯಿ ಹಾಕವ್ರೆ ಸಾ. ದೊಡ್ಡವು ಬಾಚ್ಕಂಡು ಹೋಗವ್ರೆ, ಮರಿಯೆಲ್ಲ ಸತ್ತು ತೇಲ್ತಾ ಅವೆ. ಈ ಕಾಯಿ ವಿಷ್ಯ ನಿಮಗೇ ಗೊತ್ತಂತೆ. ನೋಡ್ರಿ ಸಾ, ಉಳಿದವಾದ್ರೂ ಬದುಕ್ತಾವಾ?"

ಮೇಷ್ಟ್ರಿಗೆ ಮೀನು ನೋಡಬೇಕಾಗಿಯೇ ಇರಲಿಲ್ಲ.

"ಬದುಕಲ್ಲ ಸಿದ್ದಕ್ಕ. ಹೋಟ್ಲಲ್ಲಿ ನಾನೇ ಹೇಳ್ಕೊಟ್ಟೆ. ಪತ್ರಿಕೆಯೋರು ಅದನ್ನ ಅಚ್ಚು ಹಾಕೋದೇ ಬ್ಯಾಡ ಅಂದಿದ್ರು."

"ಅವ್ರು ನನ್ನ ಕಟ್ಟೆ ನೋಡಿದ್ರಾ?"

"ಇಲ್ಲ."

"ನೀವು ದಿನಾ ಬಸ್ಸಲ್ಲಿ ನೋಡ್ತೀರಲ್ಲ ಸಾ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬುಟ್ಟಿ ಎತ್ತಿಕೊಂಡು ಹೊರಟಳು. ಮೇಷ್ಟ್ರು ಹಿಂದೆಯೇ ಹೋಗಿ, ಇಸ್ತ್ರಿ ಪ್ಯಾಂಟು ಮಡಚಿ ಕಟ್ಟೆಗಿಳಿದು, ಸಂಜೆವರೆಗೂ ಸತ್ತ ಮರಿ ಬಾಚಿದರು. ಸಿದ್ದಕ್ಕ ಬೇಡವೆನ್ನಲಿಲ್ಲ; ತುಂಬಿದ ಬುಟ್ಟಿ ಒಯ್ದು ದಡದಲ್ಲಿ ಸುರಿದಳು.

ಮರುದಿನ ಪ್ರಮಾಣ, ವಿಧಾನ ಎರಡನ್ನೂ ತೆಗೆಯಲು ಒಪ್ಪಿ ಪತ್ರಿಕೆಗೆ ಬರೆದರು. "ನಿಮ್ಮ ಹೊಣೆಗಾರಿಕೆಗೆ ಧನ್ಯವಾದಗಳು" ಎಂದು ಸಂಪಾದಕರ ಉತ್ತರ ಬಂತು. ಅದನ್ನು ಮಂಜಣ್ಣನಿಗೆ ತೋರಿಸಲಿಲ್ಲ.

ಈಗ ಬಸ್ಸಿನಲ್ಲಿ ಅವರು ಕಟ್ಟೆ ಕಾಣದ ಕಡೆಯ ಸೀಟು ಹುಡುಕುತ್ತಾರೆ. ಸಿಗದಿದ್ದರೆ ಐಮಂಗಲ ದಾಟುವವರೆಗೆ ಕಣ್ಣು ಮುಚ್ಚಿ ಕೂರುತ್ತಾರೆ. ನಿದ್ದೆ ಬಂದಿರುವುದಿಲ್ಲ.