ಅಣ್ಣ ಆರಿಸಿ ಕಳಿಸಿದ ಅಂಜಲ್

ಬೆಂಗಳೂರಿಗೆ ಬಂದ ವಾರವೇ ಒಬ್ಬರು ನನ್ನ ಕೈಗೆ ಇಡೀ ಅಂಜಲ್ ಮೀನೊಂದನ್ನು ಕೊಟ್ಟು, ಕಸದ ಚೀಲಕ್ಕೆ ಹಾಕಿ ಬನ್ನಿ ಎಂದರು. ಕೆಂಗೇರಿ ಕಡೆಯ ನಮ್ಮ ಪ್ರಯೋಗಾಲಯದಲ್ಲಿ ಅದರ ಬಾಲದ ರೆಕ್ಕೆಯಿಂದ ಉಗುರಿನಷ್ಟು ಕತ್ತರಿಸಿ ಸ್ಪಿರಿಟ್ ಸೀಸೆಗೆ ಹಾಕಿಕೊಂಡಿದ್ದರು. ಉಳಿದದ್ದಕ್ಕೆ ಔಷಧಿ ತಗುಲಿದೆ, ತಿನ್ನುವಂತಿಲ್ಲ. ಗಂಗೊಳ್ಳಿಯ ಬಂದರಿನಲ್ಲಿ ಬೆಳೆದವಳು ನಾನು. ನಮ್ಮಲ್ಲಿ ಅಂಜಲ್ ಬಂದರೆ ತಲೆಯ ತುಂಡು ಯಾರಿಗೆ ಎಂದು ಮನೆಯಲ್ಲಿ ಜಗಳವಾಗುತ್ತದೆ. ಆ ಚೀಲದ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮನೆ ಸಿಕ್ಕಿದ್ದು ಅತ್ತಿಗುಪ್ಪೆಯಲ್ಲಿ, ದಾವಣಗೆರೆ ಕಡೆಯ ಆಂಟಿಯೊಬ್ಬರ ಮಹಡಿಯ ಮೇಲೆ. ಇಲ್ಲಿ ಆಂಟಿ ಎಂದರೆ ನೆಂಟಸ್ತಿಕೆಯಲ್ಲ, ತಾಯಿಯ ವಯಸ್ಸಿನ ಯಾರನ್ನಾದರೂ ಹಾಗೇ ಕರೆಯುವುದು. "ಹೊರಗೆ ಏನು ತಿಂತೀರಿ ಅಂತ ಕೇಳಲ್ಲಮ್ಮ. ಈ ಒಲೆ ಮೇಲೆ ಮಾತ್ರ ಬೇಡ," ಎಂದು ಕೀ ಕೊಟ್ಟರು. ಜ್ವರ ಬಂದಾಗ ರೊಟ್ಟಿ, ಶೇಂಗಾ ಚಟ್ನಿ ತಂದು ಕೊಟ್ಟವರೂ ಅವರೇ. ಆದರೂ ಉಪ್ಪುಗಾಳಿಯಿಲ್ಲದ ಕೋಣೆಯಲ್ಲಿ ಬಟ್ಟೆ ಒಂದೇ ದಿನದಲ್ಲಿ ಗರಿಗರಿಯಾಗಿ ಒಣಗುವುದು ಕಂಡು ಅಳು ಬರುತ್ತಿತ್ತು.

ವಿಜಯನಗರದ ಮೀನಂಗಡಿಯಲ್ಲಿ ಎಲ್ಲ ಕಡಲ ಮೀನಿಗೂ ಒಂದೇ ಹೆಸರು, ಸೀ ಫಿಶ್. ಮಿಕ್ಕಿದ್ದು ಕೆರೆ ಮೀನು. "ಬೇಬಿ ಅಂಜಲ್ ಇದೆ ಮೇಡಂ, ಮುಳ್ಳೆಲ್ಲ ಮೆತ್ತಗಿರುತ್ತೆ," ಎಂದು ಅಂಗಡಿಯವರು ಗೇಣುದ್ದದ ಮರಿಗಳನ್ನು ತೋರಿಸಿದರು. ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಮೀನು. ಊರಲ್ಲಿ ಅದನ್ನು ಮಾರಲು ನಾಚಿಕೊಳ್ಳುತ್ತಿದ್ದ ಕಾಲ ನನಗೆ ನೆನಪಿದೆ.

ನನ್ನ ಕೆಲಸ ಮೀನಿನ ವಂಶ ಹುಡುಕುವುದು. ರೆಕ್ಕೆಯ ಚೂರಿನ ಡಿಎನ್‌ಎಯಲ್ಲಿ ಯಾವ ಮೀನು ಯಾವುದಕ್ಕೆ ಸಂಬಂಧಿ ಎಂಬುದು ತಿಳಿಯುತ್ತದೆ. ಕಡಲು ತುಂಬಿದ್ದರೆ ಒಂದು ಬಲೆಗೆ ಬಿದ್ದವರು ಮೆಟ್ರೋ ಪ್ರಯಾಣಿಕರ ಹಾಗೆ, ಯಾರಿಗೆ ಯಾರೂ ಅಲ್ಲ. ಒಡಹುಟ್ಟಿದವರೇ ಮತ್ತೆ ಮತ್ತೆ ಸಿಕ್ಕರೆ ಮೊಟ್ಟೆಯಿಡುವ ತಾಯಂದಿರು ಕೆಲವೇ ಉಳಿದಿದ್ದಾರೆ ಎಂದರ್ಥ. ಅದಕ್ಕೆ ಬಲೆಗೆ ಬಿದ್ದದ್ದು ಬಿದ್ದ ಹಾಗೇ ಬೇಕು, ಆರಿಸಿದ್ದು ಬೇಡ.

ಊರ ಕಡಲಿನ ಮೀನನ್ನು ಐಸ್ ಪೆಟ್ಟಿಗೆಯಲ್ಲಿ ಬಸ್ಸಿಗೆ ಹಾಕುತ್ತಿದ್ದವನು ನನ್ನ ಅಣ್ಣ ರಘು. ಬೋಟು ಅವನದೇ. ಆರಿಸಬೇಡ ಎಂದು ಎಷ್ಟು ಹೇಳಿದರೂ ತೋಳುದ್ದದ, ಹೊಳೆಯುವ ಅಂಜಲ್‌ಗಳೇ ಬರುತ್ತಿದ್ದವು. "ನಿಮ್ಮಣ್ಣ ಆರಿಸ್ತಾ ಇದಾರೆ ಕಣ್ರೀ, ಇದು ಲೆಕ್ಕಕ್ಕೆ ಬರಲ್ಲ," ಎಂದು ನಮ್ಮ ಪ್ರಯೋಗಾಲಯದ ಮೇಡಂ ತಲೆಯಾಡಿಸಿದರು. ಫೋನಿನಲ್ಲಿ ರೇಗಿದೆ.

"ಮನಿ ಹೆಣ್ಣಿಗೆ ಸಣ್ಣ ಮೀನ್ ಕಳ್ಸುಕಾ? ಕಂಡವ್ರ್ ಎಂತ ಹೇಳ್ತ್ರ್?" ಎಂದು ಅವನೂ ರೇಗಿದ. ಪರ ಊರಲ್ಲಿರುವ ತಂಗಿಗೆ ಚಿಕ್ಕ ಮೀನು ಕಳಿಸುವುದು ನಮ್ಮಲ್ಲಿ ಅವಮಾನ. ಲೆಕ್ಕಕ್ಕೆ ಬಾರದ, ಔಷಧಿ ಮುಟ್ಟಿಸದ ಆ ಮೀನುಗಳನ್ನು ನಂದಿನಿ ಲೇಔಟಿನ ಗೆಳತಿಯ ಮನೆಯಲ್ಲಿ ಸಾರು ಮಾಡಿ ಉಂಡೆವು. ಈ ಊರಲ್ಲಿ ನನಗೆ ಹೊಟ್ಟೆ ತುಂಬಿದ್ದು ಅವತ್ತೇ.

ಈ ವರ್ಷ ಮಳೆಗಾಲದ ರಜೆ ಮುಗಿದು ಬೋಟುಗಳು ನೀರಿಗಿಳಿದ ಮೇಲೆ ಮೊದಲ ಪೆಟ್ಟಿಗೆ ಬಂತು. ತೆರೆದರೆ ಎಲ್ಲವೂ ಗೇಣುದ್ದದ್ದೇ. ನನಗೆ ಖುಷಿಯಾಯಿತು. ಅಂತೂ ಬುದ್ಧಿ ಬಂತು ಇವನಿಗೆ ಎಂದುಕೊಂಡು ಫೋನ್ ಮಾಡಿ ಕೀಟಲೆ ಮಾಡಿದೆ. "ಈ ಸಲ ನನ್ ಮಾತ್ ಕೇಂಡ್ಯಲ್ಲ ಅಣ್ಣ!"

ಬಂದರಿನ ಕಾಗೆಗಳ ಸದ್ದಿನ ನಡುವೆ ಅವನೆಂದ, "ಆರ್ಸಿಯೇ ಕಳ್ಸಿದ್ದ್ ಮಾರಾಯ್ತಿ. ಇದ್ಕಿಂತ ದೊಡ್ಡದ್ ಒಂದೂ ಬೀಳ್ಲಿಲ್ಲ."

ನನಗೆ ಹೆದರಿಕೆಯಾಯಿತು. ಪರೀಕ್ಷೆಯ ಫಲಿತಾಂಶ ಬರುವ ಮುಂಚೆಯೇ ಅದು ಏನೆಂದು ಗೊತ್ತಾಗಿತ್ತು. ಬಂದದ್ದೂ ಅದೇ. ಆ ಪೆಟ್ಟಿಗೆಯೊಳಗೆ ಅಣ್ಣ ತಮ್ಮ, ಅಕ್ಕ ತಂಗಿಯರೇ ತುಂಬಿದ್ದರು. ಉಳಿದ ಬೋಟುಗಳಿಂದ ತರಿಸಿದ ಮೀನಿನಲ್ಲೂ ಅದೇ ಕಥೆ. ಮಳೆಗಾಲದ ರಜೆಯಲ್ಲದೆ ಮೊಟ್ಟೆಯಿಡುವ ತಿಂಗಳುಗಳಲ್ಲೂ ನಮ್ಮ ಕರಾವಳಿಯಲ್ಲಿ ಅಂಜಲ್ ಹಿಡಿಯುವುದನ್ನು ನಿಲ್ಲಿಸಬೇಕು ಎಂದು ವರದಿಯಲ್ಲಿ ಬರೆಯಬೇಕಾದವಳು ನಾನು. ನಿಲ್ಲಿಸಿದರೆ ಮೊದಲು ದಡದಲ್ಲಿ ಕೂರುವುದು ಅಣ್ಣನ ಬೋಟು.

ಅವನಿಗೆ ಹೇಳದೆ ಬರೆಯಲು ಮನಸ್ಸಾಗಲಿಲ್ಲ. ಹೇಳಿದೆ.

"ನಾವ್ ನಿಲ್ಸ್ರೆ ಬದಿ ಬೋಟಿನವ್ರ್ ಹಿಡಿತ್ರ್," ಎಂದ. ಫೋನ್ ಇಡುವ ಮೊದಲು ಮಾತ್ರ, "ಬರಿ. ಆರ್ಸ್ದೆ ಬರಿ," ಎಂದ. ಹಾಗೇ ಬರೆದು ಕೊಟ್ಟೆ. ಅದಾದ ಮೇಲೆ ಅವನಿಂದ ಪೆಟ್ಟಿಗೆ ಬಂದಿಲ್ಲ. ಬಂದರಿನಲ್ಲಿ ನನ್ನ ಹೆಸರೆತ್ತಿದರೆ ಜನ ಅಮ್ಮನ ಮುಖ ನೋಡುತ್ತಾರಂತೆ.

ಅತ್ತಿಗುಪ್ಪೆಯ ಆಂಟಿಗೆ ನಾನು ಇಂದಿಗೂ ಸಮುದ್ರದ ಕಡೆಯ ಹುಡುಗಿ. ಊರಿನವರಿಗೆ ಬೋಟು ನಿಲ್ಲಿಸಲು ಬರೆದ ಬೆಂಗಳೂರಿನವಳು. ಮೊನ್ನೆ ಸಂಜೆ ಮೆಟ್ರೋ ಇಳಿದು ವಿಜಯನಗರದ ಅಂಗಡಿಯ ಮುಂದೆ ಹಾದುಹೋಗುವಾಗ ಅಂಗಡಿಯವರು ಗುರುತು ಹಿಡಿದು ಕರೆದರು. ಐಸಿನ ಮೇಲೆ ಗೇಣುದ್ದದ ಅಂಜಲ್‌ಗಳ ರಾಶಿ.

"ನಿಮ್ ಗಂಗೊಳ್ಳಿಯಿಂದ್ಲೇ ಬಂದಿರೋದು ಮೇಡಂ," ಎಂದರು. "ದೊಡ್ಡದು ಬೇಕಾದ್ರೆ ನೀವೇ ಆರಿಸ್ಕೊಳ್ಳಿ."

ರಾಶಿಯೊಳಗೆ ಕೈಹಾಕಿ ತಳದವರೆಗೂ ಹುಡುಕಿದೆ.