ಫ್ಲಾಪಿಗೆ ಇಟ್ಟ ಕುಂಕುಮ

ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಅನ್ನುವುದೂ ದೊಡ್ಡ ಮಾತೇ. ಮೈಸೂರಿನಲ್ಲಿ ಮೂರು ತಿಂಗಳು ಕಲಿತು ಬಂದಿದ್ದನ್ನು, ಹನ್ನೊಂದು ಜನರನ್ನು ಒಂದೇ ಪೆಟ್ಟಿಗೆಯ ಮುಂದೆ ಸರದಿಯಲ್ಲಿ ಕೂರಿಸಿ ಒಪ್ಪಿಸುತ್ತಿದ್ದೆ. ಮಾಕವಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಿಗ್ಗೆ ಹಸುವಿನ ಹಾಲು ಕರೆದು ಡೈರಿಗೆ ಹಾಕಿ, ಕೈ ತೊಳೆದು ಬಸ್ಸು ಹತ್ತುತ್ತಿದ್ದೆ. ಆ ಕೈಗೆ ಕೀಬೋರ್ಡು ಸಿಕ್ಕಿತ್ತೆಂಬ ಜಂಬ ನನಗೆ ಸ್ವಲ್ಪ ಹೆಚ್ಚೇ ಇತ್ತು. ಊರಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಎರಡು ಸಲ ಹೇಳುತ್ತಿದ್ದೆ.

ಇನ್‌ಸ್ಟಿಟ್ಯೂಟು ನಡೆಸುತ್ತಿದ್ದವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಅರವತ್ತು ದಾಟಿದ್ದವರು. ಒಳಗಿನ ಕೋಣೆಯಲ್ಲಿ ಎಂಟು ಟೈಪ್‌ರೈಟರುಗಳು ಬೆಳಿಗ್ಗೆಯಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ಮುಂದಿನ ಕೋಣೆಯಲ್ಲಿ, ಹೂವಿನ ಕಸೂತಿಯ ಬಟ್ಟೆ ಹೊದ್ದು, ನನ್ನ ಕಂಪ್ಯೂಟರು. ಅದನ್ನು ನನ್ನದು ಅನ್ನುವುದಕ್ಕೆ ಮೇಷ್ಟ್ರು ಯಾವತ್ತೂ ತಕರಾರು ಮಾಡಲಿಲ್ಲ. ಆದರೆ ಆ ಪೆಟ್ಟಿಗೆ ನಿಂತುಹೋದರೆ ನನಗಲ್ಲಿ ಕೆಲಸವಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಟೈಪಿಂಗ್ ಕಲಿಸಲು ಅವರೊಬ್ಬರೇ ಸಾಕಾಗಿದ್ದರು.

ಕಂಪ್ಯೂಟರಿನ ಜೊತೆ ಹದಿಮೂರು ಫ್ಲಾಪಿಗಳ ಒಂದು ಡಬ್ಬಿ ಬಂದಿತ್ತು. ಕಂಪ್ಯೂಟರನ್ನು ಎಬ್ಬಿಸಿ ಕೂರಿಸುವ ಮೂಲ ಸಾಫ್ಟ್‌ವೇರ್, ಅಂದರೆ ಆಪರೇಟಿಂಗ್ ಸಿಸ್ಟಮ್, ಅದರಲ್ಲಿತ್ತು. ಜೊತೆಗೊಂದು ಲೈಸೆನ್ಸು ಪತ್ರ. ದಪ್ಪ ಕಾಗದ, ಅಂಚಿನಲ್ಲಿ ಬಳ್ಳಿಯ ಚಿತ್ತಾರ, ಬೆಳಕಿಗೆ ಹಿಡಿದರೆ ಮಿನುಗುವ ಒಂದು ಪಟ್ಟಿ, ಕೆಳಗೆ ಉದ್ದನೆಯ ನಂಬರು. ಇಷ್ಟು ಚೆಂದದ ಸರ್ಟಿಫಿಕೇಟನ್ನು ಡಬ್ಬಿಯೊಳಗೆ ಇಡುವುದು ಹೇಗೆಂದು ಮೇಷ್ಟ್ರು ಅದಕ್ಕೆ ಗಾಜಿನ ಫ್ರೇಮು ಹಾಕಿಸಿದರು. ಲಕ್ಷ್ಮಿ, ಸರಸ್ವತಿ, ಗಣಪತಿಯರ ಪಕ್ಕದಲ್ಲಿ ನೇತುಹಾಕಿ, ಅವರಿಗೆ ಹಾಕಿದ್ದಂತೆಯೇ ಇದಕ್ಕೂ ಒಂದು ಪ್ಲಾಸ್ಟಿಕ್ ಹಾರ ಹಾಕಿದರು. ನಾನು ಒಳಗೊಳಗೇ ನಕ್ಕಿದ್ದೆ.

ಹಾಗೆ ನಕ್ಕವಳು ಮಾಡಿದ್ದೇನು ಅನ್ನುವುದನ್ನೂ ಹೇಳಬೇಕು. ಆ ವರ್ಷದ ಆಯುಧಪೂಜೆಗೆ ಟೈಪ್‌ರೈಟರುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ಒರೆಸಿ ಸಾಲಾಗಿ ಇಟ್ಟಿದ್ದೆವು. ನಮ್ಮ ಮನೆಯಲ್ಲಿ ಅಜ್ಜಿಯ ಕಟ್ಟುನಿಟ್ಟು ಒಂದಿತ್ತು. ಆಯುಧಕ್ಕೆ ಕುಂಕುಮ ಇಡುವುದಾದರೆ ಅದು ಕೆಲಸ ಮಾಡುವ ಜಾಗಕ್ಕೇ ಇಡಬೇಕು. ಕುಡುಗೋಲಿನ ಹಿಡಿಗಲ್ಲ, ಅಲಗಿಗೆ. ನೇಗಿಲಿನ ಮರಕ್ಕಲ್ಲ, ಗುಳಕ್ಕೆ. ಎಂಟು ಟೈಪ್‌ರೈಟರಿಗೂ ನಾನು ಅಚ್ಚಿನ ಕಡ್ಡಿಗಳ ಮೇಲೇ ಇಟ್ಟೆ. ಆಮೇಲೆ ಫ್ಲಾಪಿಗಳ ಡಬ್ಬಿ ತೆಗೆದೆ. ಫ್ಲಾಪಿ ಕೆಲಸ ಮಾಡುವುದು ಎಲ್ಲಿ? ತಗಡಿನ ಪುಟ್ಟ ಬಾಗಿಲು ಸರಿಸಿದರೆ ಒಳಗೆ ಕಾಣುವ ಕಪ್ಪು ತಟ್ಟೆಯಲ್ಲಿ. ಅದನ್ನು ಮುಟ್ಟಬಾರದೆಂದು ಮೈಸೂರಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ನಾನೂ ನನ್ನ ವಿದ್ಯಾರ್ಥಿಗಳಿಗೆ ಗದರಿ ಹೇಳಿಕೊಟ್ಟಿದ್ದೆ. ಆದರೂ ಒಂದು ಚುಕ್ಕೆಗೆ ಏನಾಗುತ್ತದೆ ಅಂದುಕೊಂಡು, ಹದಿಮೂರು ಬಾಗಿಲನ್ನೂ ಒಂದೊಂದಾಗಿ ಸರಿಸಿ, ನೆನೆಸಿದ ಕುಂಕುಮವನ್ನು ಉಂಗುರದ ಬೆರಳಿನಿಂದ ಇಟ್ಟೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಯಾರಿಗೂ ಕಾಣುವಂತಿರಲಿಲ್ಲ. ಆಗ ನನಗೆ ಬಹಳ ತೃಪ್ತಿಯಾಗಿತ್ತು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಪಾಠದ ನಡುವೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ ಕಂಪ್ಯೂಟರು ಏಳಲೇ ಇಲ್ಲ. ಕಪ್ಪು ತೆರೆಯ ಮೇಲೆ ಒಂದು ಸಾಲು ಇಂಗ್ಲಿಷು ಬರೆದು ಸುಮ್ಮನೆ ಕೂತಿತು.

ಪಾಂಡವಪುರದಿಂದ ರಿಪೇರಿಯವನು ಬಂದ. ರೇಡಿಯೋ, ಟೀವಿ ಮಾಡುತ್ತಿದ್ದವನು ಈಚೆಗೆ ಕಂಪ್ಯೂಟರಿಗೂ ಕೈ ಹಾಕಿದ್ದ. ಒಳಗಿನ ಸಿಸ್ಟಮ್ ಅಳಿಸಿಹೋಗಿದೆ, ಫ್ಲಾಪಿಯಿಂದ ಹೊಸದಾಗಿ ತುಂಬಬೇಕು ಅಂದ. ಮೊದಲ ಫ್ಲಾಪಿ ಹಾಕಿದರೆ ಡ್ರೈವು ಕರಕರ ಅಂದಿತು, ಓದಲಿಲ್ಲ. ಎರಡನೆಯದೂ ಇಲ್ಲ, ಮೂರನೆಯದೂ ಇಲ್ಲ. ಅವನು ಡ್ರೈವು ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒಳಗೆ ಒರೆಸಿದ. ಹತ್ತಿ ಕೆಂಪಗೆ ಬಂತು.

"ತುಕ್ಕಿರ್ಬೇಕು ಬುಡಿ ಮೇಷ್ಟ್ರೇ," ಅಂದು ಹತ್ತಿಯನ್ನು ಕಿಟಕಿಯಿಂದಾಚೆ ಎಸೆದ.

ಅದು ತುಕ್ಕಲ್ಲ, ನನ್ನ ಕುಂಕುಮ ಎಂದು ನನಗೆ ಗೊತ್ತಾಯಿತು. ಮೇಜಿನ ಮೇಲಿದ್ದ ಫ್ಲಾಪಿಗಳನ್ನು ಎತ್ತಿ ಡಬ್ಬಿಗೆ ಹಾಕಿ ಮುಚ್ಚಿದೆ.

ರಿಪೇರಿಯವನ ಬಳಿ ಪರಿಹಾರವಿತ್ತು. "ನಂತಾವ ಕಾಪಿ ಸೆಟ್ಟೈತೆ. ಬ್ಯಾರೆಯೋರ ನಂಬ್ರ ಒಡುದ್ರೆ ಆಯ್ತು. ಅರ್ಧ ಗಂಟೇಲಿ ಆಕ್ಬುಟ್ಟು ಒಂಟೋಯ್ತೀನಿ."

ನನಗೆ ಜೀವ ಬಂದಂತಾಯಿತು. ಮೇಷ್ಟ್ರು ತಲೆಯಾಡಿಸಿದರು. "ಬ್ಯಾಡ ಕಣಪ್ಪಾ. ಪರೀಕ್ಸೇಲಿ ಪಕ್ಕದೋನ್ನ ನೋಡ್ಕಂಡು ಒಡುದೋನ ನಾನೇ ಎಬ್ಬುಸ್ತೀನಿ. ಇಲ್ಲಿ ಬ್ಯಾರೆಯೋರ ನಂಬ್ರ ಆಕುಸ್ಕಂಡು ಕೂತ್ಕಳ್ಳಾ?"

"ನಮ್ಮತ್ರ ಲೈಸೆನ್ಸ್ ಐತಲ್ಲ ಮೇಷ್ಟ್ರೇ, ನಮ್ದೇ ಅಲ್ವಾ ಅದು?" ಅಂದೆ ನಾನು, ಬೇಕೆಂತಲೇ ಜೋರಾಗಿ.

"ನಮ್ದೇ ಕಣವ್ವಾ. ನಮ್ದನ್ನ ನಾವ್ಯಾಕೆ ಕದ್ದು ತರಬೇಕು? ಕೊಟ್ಟೋರ್ನೇ ಕೇಳಾನ."

ರಿಪೇರಿಯವನು ಹೊರಡುವಾಗ ಇನ್ನೊಂದು ಉಪಾಯ ಹೇಳಿದ. ಫ್ಲಾಪಿಯೇ ಕೆಟ್ಟದ್ದು ಬಂದಿತ್ತು ಎಂದು ಬರೆದರೆ ಕಂಪನಿಯವರು ಮರುಮಾತಾಡದೆ ಬೇರೆ ಕೊಡುತ್ತಾರೆ ಎಂದ. ಮೇಷ್ಟ್ರು ಅದಕ್ಕೂ ಒಪ್ಪಲಿಲ್ಲ. ಅಷ್ಟು ಹಟ ಯಾಕೆಂದು ನನಗೆ ಸಿಟ್ಟು ಬಂತು. ತಪ್ಪು ಮಾಡಿದವಳಿಗೆ ಸಿಟ್ಟು ಬೇಗ ಬರುತ್ತದೆಂದು ಈಗ ಗೊತ್ತು.

ಮಾರನೆಯ ದಿನ ಮೈಸೂರಿನ ಡೀಲರಿಗೆ ಕಾಗದ ಟೈಪು ಮಾಡಲು ನನ್ನನ್ನು ಕನ್ನಡದ ಮೆಷಿನ್ನಿನ ಮುಂದೆ ಕೂರಿಸಿದರು. ಲೈಸೆನ್ಸು ನಮ್ಮಲ್ಲಿದೆ, ಫ್ಲಾಪಿಗಳು ಓದುತ್ತಿಲ್ಲ, ಬದಲಿ ಸೆಟ್ಟು ದಯಪಾಲಿಸಬೇಕು ಎಂದು ಹೇಳುತ್ತಾ ಬಂದು ಒಂದು ಕಡೆ ನಿಂತರು.

"ಯಾಕೆ ಕೆಟ್ಟೋಯ್ತು ಅಂತ ಬರೀಬೇಕಲ್ವೇನವ್ವಾ? ಗೊತ್ತಿಲ್ಲ ಅಂತ್ಲೇ ಆಕು. ಗೊತ್ತಿಲ್ದೆ ಇರೋದ ಗೊತ್ತಿಲ್ಲ ಅನ್ನಕ್ಕೇನು?" ಅಂದು ಕಾಫಿಗೆ ಕೆಳಗಿಳಿದು ಹೋದರು.

ಅವರಿಗೆ ಗೊತ್ತಿರಲಿಲ್ಲ. ಬರೆಯುತ್ತಿದ್ದವಳಿಗೆ ಗೊತ್ತಿತ್ತು. ನನ್ನ ಬೆರಳು ಮುಂದೆ ಹೋಗಲಿಲ್ಲ. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಕಂಪ್ಯೂಟರು ಬಂದರೂ ಅದರ ಮುಂದೆ ಕೂತು, ಒಳಗಿನ ತಟ್ಟೆ ಮುಟ್ಟಬೇಡಿ ಎಂದು ಯಾವ ಬಾಯಲ್ಲಿ ಹೇಳಲಿ? ಬಾಯಲ್ಲಿ ಹೇಳಲು ಆಗದ್ದನ್ನು ಬೆರಳು ಹೇಳಿತು. ಆಯುಧಪೂಜೆಯ ದಿನ ಫ್ಲಾಪಿಗಳ ಬಾಗಿಲು ಸರಿಸಿ ಒಳಗಿನ ತಟ್ಟೆಗೆ ಕುಂಕುಮ ಇಟ್ಟವಳು ಇಲ್ಲಿ ಕಂಪ್ಯೂಟರ್ ಕಲಿಸುವ ನಾನೇ ಎಂದು ಒಂದೇ ಉಸಿರಿಗೆ ಕುಟ್ಟಿದೆ. ಹಾಳೆ ಎಳೆದು ಅವರ ಮೇಜಿನ ಮೇಲಿಟ್ಟೆ.

ಮೇಷ್ಟ್ರು ಬಂದು, ಕನ್ನಡಕ ಏರಿಸಿ ಓದಿದರು. ಮುಖದಲ್ಲಿ ಏನೂ ಕಾಣಲಿಲ್ಲ. "ಸರಿ, ನೀನೋಗಿ ಉಂಡ್ಕಂಬಾ," ಅಂದರು. ಬುತ್ತಿ ಬಿಚ್ಚಿ, ಅರ್ಧ ಮುದ್ದೆ ಹಾಗೇ ಕಟ್ಟಿಟ್ಟೆ. ತಿರುಗಿ ಬಂದಾಗ ಅವರು ಕನ್ನಡದ ಮೆಷಿನ್ನಿನ ಮುಂದೆ ಕೂತಿದ್ದರು. ಲಕೋಟೆಯ ಮೇಲೆ ವಿಳಾಸ ಹೊಡೆಯುತ್ತಿದ್ದಾರೆ ಅಂದುಕೊಂಡೆ.

ಒಂದು ವಾರಕ್ಕೆ ಉತ್ತರ ಬಂತು. ಮೂಲ ಲೈಸೆನ್ಸು ಪತ್ರವನ್ನು ತಂದು ತೋರಿಸಿ, ಕೆಟ್ಟ ಫ್ಲಾಪಿಗಳನ್ನೂ ತನ್ನಿ ಎಂದಿದ್ದರು. ಮೇಷ್ಟ್ರು ಫ್ರೇಮು ಇಳಿಸಿ ಹಿಂದಿನ ಹಲಗೆ ಬಿಚ್ಚಿದರು. ಫ್ರೇಮಿನ ಅಂಗಡಿಯವನು ಪತ್ರವನ್ನು ಹಲಗೆಗೆ ಅಂಟು ಹಾಕಿ ಅಂಟಿಸಿಬಿಟ್ಟಿದ್ದ. ಕೀಳಲು ಹೋದರೆ ಹರಿಯುತ್ತದೆ. ಹಾಗಾಗಿ ಫ್ರೇಮನ್ನೇ ಟವೆಲಿನಲ್ಲಿ ಸುತ್ತಿ, ಇಬ್ಬರೂ ಮೈಸೂರಿನ ಬಸ್ಸು ಹತ್ತಿದೆವು. ಅದು ನನ್ನ ತೊಡೆಯ ಮೇಲಿತ್ತು. ಪ್ಲಾಸ್ಟಿಕ್ ಹಾರದ ಕುಚ್ಚು ಟವೆಲಿನಿಂದ ಹೊರಗೆ ಇಣುಕುತ್ತಿತ್ತು.

ಪಾಂಡವಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಬದನೆಕಾಯಿಯ ಕುಕ್ಕೆಯನ್ನು ಕಾಲ ಬಳಿ ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ಹಾರ ನೋಡಿದಳು, ಲೊಚಗುಟ್ಟಿದಳು. "ಯಾವಾಗ ತೀರ್ಕಂಡ್ರವ್ವಾ?"

"ಆಯುಧಪೂಜೆ ದಿನ ಕಣಕ್ಕಾ," ಅಂದೆ.

"ಅಯ್ಯೋ ಪಾಪ, ಅಬ್ಬದ ದಿನ್ವೇ!" ಅಂದು ಆಕೆ ಕೈ ಮುಗಿದಳು. ಮೇಷ್ಟ್ರು ಕಿಟಕಿಯ ಕಡೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿತ್ತು. ಕಾಗದದ ವಿಷಯ ನಮ್ಮಿಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲವಾದ್ದರಿಂದ ಅದು ನಗುವೋ ಕೆಮ್ಮೋ ನನಗೆ ತಿಳಿಯಲಿಲ್ಲ.

ಡೀಲರ್ ಆಫೀಸಿನಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಕೂತಿದ್ದಳು. ಫ್ರೇಮಿನ ಗಾಜನ್ನು ಸೆರಗಿನಿಂದ ಒರೆಸಿ, ನಂಬರನ್ನು ತನ್ನ ರಿಜಿಸ್ಟರಿನ ಜೊತೆ ತಾಳೆ ನೋಡಿದಳು. ಸರಿಯಾಗಿತ್ತು. ಫ್ಲಾಪಿಯೊಂದರ ಬಾಗಿಲು ಸರಿಸಿ ನೋಡಿ, ನಮ್ಮ ಕಾಗದ ತೆಗೆದು ಮತ್ತೊಮ್ಮೆ ಓದಿದಳು. ನಗು ತಡೆಯಲಾಗದೆ ಪಕ್ಕದ ಮೇಜಿನವರಿಗೂ ಕೇಳುವಂತೆ ಓದಿದಳು. "ಸಂಸ್ಥೆಯ ಮುಖ್ಯಸ್ಥನಾದ ನಾನು ತಿಳಿಯದೆ ಫ್ಲಾಪಿಗಳ ಒಳಗೆ ಕುಂಕುಮ ಇಟ್ಟಿದ್ದರಿಂದ... ಸಾರ್, ಹದಿಮೂರಕ್ಕೂ ನೀವೇ ಇಟ್ರಾ?"

"ಊಂ ಕಣಮ್ಮಾ. ಅಭ್ಯಾಸ," ಅಂದರು ಮೇಷ್ಟ್ರು.

ಆಫೀಸಿಗೆ ಆಫೀಸೇ ನಕ್ಕಿತು. ಒಳಗಿನಿಂದ ಇನ್ನಿಬ್ಬರು ಬಂದು ಕೆಂಪು ಚುಕ್ಕೆ ನೋಡಿಕೊಂಡು ಹೋದರು. ಅರವತ್ತು ದಾಟಿದ ಮನುಷ್ಯ ಟವೆಲನ್ನು ಮಡಿಸುತ್ತಾ ನಿಂತಿದ್ದರು. ಎಲ್ಲರಿಗೂ ತಿರುಗಿಸಿ ಕೊಡುವ ನಾಲಗೆ ನನ್ನದು. ಅವತ್ತು ಅದು ಎಲ್ಲಿ ಹೋಗಿತ್ತೋ. ಹೊಸ ಡಬ್ಬಿಗೆ ಸಹಿ ಹಾಕಿ ಆಚೆ ಬಂದೆವು.

ಶ್ರೀರಂಗಪಟ್ಟಣದ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಕೇಳಿದೆ. ನಿಜ ಹೇಳಬೇಕೆಂದರೆ ಜಗಳಕ್ಕೇ ಹೋದೆ. "ಸುಳ್ಳು ಯಾಕ್ಬರುದ್ರಿ ಮೇಷ್ಟ್ರೇ?"

"ನಾಳೆ ದಿನ ನೀನು ಕೆಲ್ಸ ಕೇಳ್ಕಂಡು ಅಂತಾ ಕಡೀಕೇ ಓಗ್ಬೇಕಾಯ್ತದೆ ಕಣವ್ವಾ. ಕುಂಕ್ಮದ ಉಡ್ಗಿ ಬಂದ್ಲು ಅಂದ್ಬುಡ್ತಾರೆ. ನಂಗೇನು? ನಾನೆಲ್ಲಿಗೋಗ್ಲಿ ಇನ್ನ?"

"ಫ್ಲಾಪಿ ಮಾತ್ರ ಕಾಪಿ ಮಾಡಂಗಿಲ್ಲ ಅಂದ್ರಿ. ನನ್ ತಪ್ಪ ಕಾಪಿ ಮಾಡ್ಕಳಾಕೆ ನಿಮ್ಗೆ ಲೈಸೆನ್ಸ್ ಕೊಟ್ಟೋರ್ಯಾರು?"

ಅವರು ನಗಲಿಲ್ಲ. "ಅದೂ ಸರೀನೇ," ಅಂದರು.

ನನಗೆ ಅಳು ಬಂದಿತ್ತು. ಕೃತಜ್ಞತೆ ಅರ್ಧ, ಅವಮಾನ ಅರ್ಧ. ಧೈರ್ಯ ಮಾಡಿ ಒಂದು ನಿಜ ಹೇಳಿದ್ದೆ, ಅದನ್ನೂ ನನ್ನ ಕೈಯಿಂದ ತೆಗೆದುಕೊಂಡಿದ್ದರು. ಆದರೆ ಆ ಆಫೀಸಿನಲ್ಲಿ ಅವರು ಟವೆಲು ಮಡಿಸುತ್ತಿದ್ದದ್ದು ಕಣ್ಣಿಗೆ ಬಂದು, ತೊಡೆಯ ಮೇಲಿನ ಫ್ರೇಮಿಗೆ ಟವೆಲನ್ನು ಇನ್ನೊಂದು ಸುತ್ತು ಬಿಗಿದೆ.

ಮರುದಿನ ಬೆಳಿಗ್ಗೆ ಹನ್ನೊಂದು ವಿದ್ಯಾರ್ಥಿಗಳನ್ನೂ ಸುತ್ತ ನಿಲ್ಲಿಸಿಕೊಂಡು ಹದಿಮೂರು ಹೊಸ ಫ್ಲಾಪಿಗಳನ್ನು ಒಂದೊಂದಾಗಿ ತುಂಬಿದೆ. ಕಂಪ್ಯೂಟರು ನಂಬರು ಕೇಳಿದಾಗ ಗೋಡೆಯ ಫ್ರೇಮು ನೋಡಿ ಹೊಡೆದೆ. ಪರದೆಯ ಮೇಲೆ ಬಣ್ಣ ಮೂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಟ್ಟ ಸೆಟ್ಟಿನಲ್ಲಿ ಒಂದು ಫ್ಲಾಪಿಯನ್ನು ಡೀಲರ್ ಆಫೀಸಿನವಳನ್ನು ಕೇಳಿ ತಂದಿದ್ದೆ. ಅದರ ಬಾಗಿಲು ಸರಿಸಿ ಹಿಡಿದೆ.

"ನೋಡ್ಕಳಿ. ಇದ್ಕೆ ಕುಂಕುಮ ಇಟ್ಟು ಕೆಡ್ಸಿದ್ದು ನಾನು. ಮೇಷ್ಟ್ರಲ್ಲ, ನಾನು."

ಒಬ್ಬಳು ಕಿಸಕ್ಕೆಂದಳು, ಆಮೇಲೆ ಎಲ್ಲರೂ ನಕ್ಕರು. ನಾನು ನಿಂತೇ ಇದ್ದೆ. ಒಳಗಿನ ಕೋಣೆಯಲ್ಲಿ ಮೇಷ್ಟ್ರ ಟೈಪ್‌ರೈಟರಿನ ಸದ್ದು ನಿಂತಿತು.

ಪಾಠ ಮುಗಿದ ಮೇಲೆ ಅವರು ಕರೆದು ಡ್ರಾಯರಿನಿಂದ ಒಂದು ಹಾಳೆ ತೆಗೆದುಕೊಟ್ಟರು. ನಾನು ಟೈಪು ಮಾಡಿದ್ದ, ಡೀಲರಿಗೆ ಹೋಗದೆ ಉಳಿದ ಕಾಗದ. ವಿದ್ಯಾರ್ಥಿಗಳ ಹಾಳೆ ತಿದ್ದುವ ಕೆಂಪು ಪೆನ್ಸಿಲಿನಲ್ಲಿ ಎರಡು ಕಡೆ ಗುರುತು ಹಾಕಿದ್ದರು.

"ಎಲ್ಡು ತಪ್ಪವೆ. ತಿದ್ಬುಟ್ಟು ಫೈಲಿಗಾಕವ್ವಾ."

ನೋಡಿದೆ. ತಾರೀಖಿನಲ್ಲಿ ಒಂದು, ವಿಳಾಸದಲ್ಲಿ ಒಂದು. ಕುಂಕುಮದ ಸಾಲಿನ ಕೆಳಗೆ ಅವರು ಗೆರೆ ಎಳೆದಿರಲಿಲ್ಲ.