ಗೋಂದಕ್ಕನ ಏಳನೆಯ ಫಾರಂ

ಆ ಬೀದಿಯಲ್ಲಿ ಗೋಂದಕ್ಕನ ನಿಜವಾದ ಹೆಸರು ಗೊತ್ತಿದ್ದವರು ಇಬ್ಬರೇ. ಒಬ್ಬ ಅವಳ ಗಂಡ, ಇನ್ನೊಬ್ಬ ದೇವರು. ಎಂಟು ತಿಂಗಳಿಂದ ಇಬ್ಬರೂ ಆ ಹೆಸರು ಹಿಡಿದು ಕರೆದಿರಲಿಲ್ಲ.

ಮಿಕ್ಕವರಿಗೆಲ್ಲ ಅವಳು ಗೋಂದಣ್ಣನ ಹೆಂಡತಿ, ಆದ್ದರಿಂದ ಗೋಂದಕ್ಕ. ಗೋಂದಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಅವನ ಬೆರಳ ಸಂದಿಯಲ್ಲಿ ಸದಾ ಒಣಗಿದ ಅಂಟು ಇರುತ್ತಿದ್ದುದರಿಂದ ಶಾಲೆಯ ಮಕ್ಕಳು ಇಟ್ಟ ಹೆಸರು ಅದು. ಅಂಟಿನ ಹೆಸರಲ್ಲವೇ, ಒಮ್ಮೆ ಹತ್ತಿದ್ದು ಬಿಡಲಿಲ್ಲ.

ಅವರ ಮನೆ ಎಂದರೆ ಎರಡೇ ಕೋಣೆ. ಮುಂದಿನದರಲ್ಲಿ ಕಾಗದ ಕತ್ತರಿಸುವ ಯಂತ್ರ, ಉದ್ದನೆಯ ಮೇಜು, ಕಿಟಕಿಯ ಕೆಳಗೆ ಹೊಲಿಗೆಯ ಚೌಕಟ್ಟು. ಹಿಂದಿನದರಲ್ಲಿ ಒಲೆ, ಮಂಚ, ಗೋಡೆಗೆ ಒಂದು ಮರದ ಶಿಲುಬೆ. ಇಪ್ಪತ್ತೆರಡು ವರ್ಷ ಗಂಡಹೆಂಡಿರು ಇಲ್ಲೇ ಕೆಲಸ ಹಂಚಿಕೊಂಡು ಬದುಕಿದ್ದರು. ಪುಟ ಜೋಡಿಸುವುದು, ಪರೀಕ್ಷಿಸುವುದು ಅವನದು. ಹೊಲಿಯುವುದು, ಅಂಟು ಕಾಯಿಸುವುದು ಅವಳದು. ಮಕ್ಕಳಿರಲಿಲ್ಲ. ಆ ಕೊರಗನ್ನು ಅವರು ಯಾರ ಮುಂದೆಯೂ ಹರಡಿಕೊಂಡವರಲ್ಲ.

ಒಂದು ಬೆಳಗ್ಗೆ ಕತ್ತರಿಸುವ ಯಂತ್ರದ ಹಿಡಿ ಹಿಡಿದಿದ್ದ ಹಾಗೆಯೇ ಗೋಂದಣ್ಣ ಪಕ್ಕಕ್ಕೆ ವಾಲಿದ. ಪಾರ್ಶ್ವವಾಯು. ಬಲಗೈ ಬಲಗಾಲು ಹೋದವು, ಅವುಗಳ ಹಿಂದೆಯೇ ಮಾತೂ ಹೋಯಿತು. ಉಳಿದದ್ದು ‘ಬ’ ಎಂಬ ಒಂದೇ ಅಕ್ಷರ. ಹಸಿವಾದರೂ ಬ, ನೋವಾದರೂ ಬ, ಕಿಟಕಿಯ ಮೇಲೆ ಕಾಗೆ ಕೂತರೂ ಬ. “ಜೀವಕ್ಕೆ ಅಪಾಯ ಇಲ್ಲಮ್ಮ,” ಎಂದರು ಡಾಕ್ಟರು, “ಆದರೆ ಒಳಗೆ ತಿಳಿವಳಿಕೆ ಎಷ್ಟು ಉಳಿದಿದೆ ಅಂತ ನಾನು ಹೇಳಲಾರೆ.” ಪಾಪ, ಪ್ರಾಮಾಣಿಕ ಮನುಷ್ಯ. ಸುಳ್ಳು ಹೇಳಿದ್ದರೆ ಗೋಂದಕ್ಕನಿಗೆ ನಾಲ್ಕು ದಿನವಾದರೂ ನಿದ್ದೆ ಬರುತ್ತಿತ್ತು.

ಅವಳು ಅತ್ತು ಕೂರುವ ಹೆಂಗಸಲ್ಲ. ಮೂರನೆಯ ವಾರಕ್ಕೆ ಮೇಜು ಒರೆಸಿ ಕೆಲಸಕ್ಕೆ ನಿಂತಳು. ಗಂಡನ ಕುರ್ಚಿಯನ್ನು ಮೇಜಿನ ಪಕ್ಕಕ್ಕೇ ಎಳೆದುಕೊಂಡಳು. ದಿನವಿಡೀ ಅವನ ಜೊತೆ ಮಾತು. ದಾರ ತುಂಡಾದದ್ದು, ಎದುರು ಮನೆಯವರ ಜಗಳ, ರಟ್ಟಿನ ಅಂಗಡಿಯವನ ಧಿಮಾಕು, ಎಲ್ಲವನ್ನೂ ಹೇಳುವಳು. ಅವನು ನೋಡುತ್ತ ಕೂತಿರುತ್ತಿದ್ದ. ಆ ನೋಟದ ಹಿಂದೆ ಮನೆಯಲ್ಲಿ ಯಾರಾದರೂ ಇದ್ದಾರೋ, ಬರೀ ಬಾಗಿಲು ತೆರೆದಿದೆಯೋ, ಅದೇ ಅವಳಿಗೆ ತಿಳಿಯಬೇಕಿತ್ತು.

ಆದ್ದರಿಂದ ಅವಳ ಪ್ರಾರ್ಥನೆಯೂ ಒಂದೇ ಒಂದು. ಬೆಳಗ್ಗೆ ಅಂಟು ತಳ ಹಿಡಿಯದಂತೆ ಸೌಟು ತಿರುಗಿಸುತ್ತ ಪ್ರಾರ್ಥಿಸುವುದು ಅವಳ ಹಳೆಯ ರೂಢಿ. ಪ್ರಾರ್ಥನೆ ಉದ್ದವಾದ ದಿನ ಅಂಟು ಗಟ್ಟಿ, ಚಿಕ್ಕದಾದ ದಿನ ನೀರು ನೀರು. ಈ ಎಂಟು ತಿಂಗಳಲ್ಲಿ ಅಂಟು ಕಲ್ಲಿನಂತಾಗುತ್ತಿತ್ತು. “ಯೇಸಪ್ಪ, ಕೈಕಾಲು ಕೊಡು ಅಂತ ಕೇಳಲ್ಲ. ಮಾತು ಕೊಡು ಅಂತಲೂ ಕೇಳಲ್ಲ. ಅವರು ಒಳಗೆ ಇದ್ದಾರೆ ಅಂತ ಒಂದು ಗುರುತು ಕೊಡು, ಸಾಕು.”

ಗುರುತು ಬರಲಿಲ್ಲ. ಬಂದದ್ದು ಅತ್ತಿಗೆ.

ಗೋಂದಣ್ಣನ ಅಕ್ಕ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಮುದ್ರೆ ಒತ್ತಿ ನಿವೃತ್ತಳಾದವಳು. ಮಾತನ್ನೂ ಮುದ್ರೆ ಒತ್ತಿದ ಹಾಗೆಯೇ ಆಡುವಳು. ಬಾಯಿ ಜೋರು, ಮನಸ್ಸು ಬೆಣ್ಣೆ. ವಾರಕ್ಕೆರಡು ಸಲ ಬಂದು ತಮ್ಮನಿಗೆ ಸ್ನಾನ ಮಾಡಿಸಿ, ಅವನ ತಲೆ ಬಾಚಿ, ಅತ್ತಿಗೆಯ ಕೆಲಸವೆಂಬಂತೆ ಒಂದಿಷ್ಟು ಬೈದು ಹೋಗುವಳು.

“ನೋಡು ತಾಯಿ, ನೀನು ಅವನ ಜೊತೆ ಆಡೋ ಮಾತು ಗೋಡೆ ಜೊತೆ ಆಡಿದ ಹಾಗೆ,” ಎಂದಳು ಒಂದು ದಿನ. “ನಿನ್ನ ಬೆನ್ನು ನೋಡಿದೀಯಾ? ಅವನನ್ನ ಎತ್ತಿ ಎತ್ತಿ ಬಿಲ್ಲಾಗಿದೆ. ಪಕ್ಕದ ಊರಿನ ಆರೈಕೆ ಮನೇಲಿ ಜಾಗ ಇದೆ, ವಿಚಾರಿಸಿದೀನಿ. ನೆನಪು ತಪ್ಪಿದವರನ್ನೇ ಚೆನ್ನಾಗಿ ನೋಡ್ಕೊಳ್ತಾರೆ.”

“ಅವರಿಗೆ ನೆನಪು ತಪ್ಪಿಲ್ಲ, ಅತ್ತಿಗೆ.”

“ಹಾಗಂತ ನಿನಗೆ ಯಾರು ಹೇಳಿದ್ರು?”

ಯಾರೂ ಹೇಳಿರಲಿಲ್ಲ, ಅದೇ ಗೋಂದಕ್ಕನ ಕಷ್ಟವಾಗಿತ್ತು.

ಆ ದಿನಗಳಲ್ಲೇ ಚರ್ಚಿನ ಪಾದ್ರಿಗಳು ಹೊಸ ಹಾಡಿನ ಪುಸ್ತಕದ ಕೆಲಸ ತಂದರು. ನೂರ ಇಪ್ಪತ್ತು ಪ್ರತಿ, ಅಚ್ಚಾಗಿ ಬಂದಿತ್ತು, ಮಡಿಸಿ ಹೊಲಿದು ರಟ್ಟು ಹಾಕಬೇಕು. ದೊಡ್ಡ ಮುದ್ರಣಾಲಯಕ್ಕೇ ಕೊಡಬಹುದಿತ್ತು. “ಗೋಂದಣ್ಣ ಇದ್ದಿದ್ರೆ ಅವನಿಗೇ ಕೊಡ್ತಿದ್ದೆ,” ಎಂದುಬಿಟ್ಟು, ಕುರ್ಚಿಯಲ್ಲಿ ಗೋಂದಣ್ಣ ಕೂತೇ ಇರುವುದನ್ನು ಕಂಡು ಪಾದ್ರಿಗಳು ನಾಲಿಗೆ ಕಚ್ಚಿಕೊಂಡರು.

ಹದಿನಾರು ಪುಟಗಳ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಈ ಪುಸ್ತಕಕ್ಕೆ ಅಂಥ ಹನ್ನೆರಡು. ಗೋಂದಕ್ಕ ಮೇಜಿನ ಸುತ್ತ ಹನ್ನೆರಡು ಅಟ್ಟಿ ಇಟ್ಟಳು. ಸುತ್ತು ಹಾಕುತ್ತ ಒಂದೊಂದರಿಂದ ಒಂದೊಂದು ಎತ್ತಿಕೊಂಡರೆ ಒಂದು ಪುಸ್ತಕದ ಪುಟಗಳು. ಇಷ್ಟು ಕಾಲ ಇದು ಗಂಡ ಮಾಡುತ್ತಿದ್ದ ಕೆಲಸ. ಶುರುವಿಗೆ ಮೊದಲೇ ಗೋಂದಣ್ಣನ ಎಡಗೈ ತಗುಲಿ ನೀರಿನ ಲೋಟ ಉರುಳಿತು. ನೀರು ಏಳನೆಯ ಅಟ್ಟಿಯತ್ತ ಓಡಿತು. ಅವಳು ಅಟ್ಟಿಯನ್ನು ಬಾಚಿ ಮಂಚದ ಮೇಲೆ ಹಾಕಿ, ಮೇಜು ಒರೆಸಿ, ಅವನ ಒದ್ದೆ ಅಂಗಿ ಬದಲಿಸಿ, ಅಟ್ಟಿಯನ್ನು ಮತ್ತೆ ತಂದು ಅದರ ಜಾಗದಲ್ಲಿಟ್ಟು ಸುತ್ತು ಹಾಕತೊಡಗಿದಳು. ಎಂಟು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹೊಲಿದಳು. ಕಪ್ಪು ಬಟ್ಟೆಯ ರಟ್ಟು ಹಾಕಿ, ಮೇಲೆ ಬಂಗಾರ ಬಣ್ಣದ ಶಿಲುಬೆ ಒತ್ತಿದಳು.

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾವ ಕೆಲಸವಾದರೂ ಸಿದ್ಧವಾದ ಮೊದಲ ಪ್ರತಿ ಗೋಂದಣ್ಣನ ಕೈಗೆ ಹೋಗಬೇಕು. ಅವನು ಪುಸ್ತಕದ ಬೆನ್ನು ತಟ್ಟಿ, ಪುಟಗಳನ್ನು ಸರ್ರನೆ ಬಿಟ್ಟು, ಮೂಸಿ, ಕಿಟಕಿಯ ಮೇಲಿಟ್ಟರೆ ಕೆಲಸ ಪಾಸಾದಂತೆ. ಗೋಂದಕ್ಕ ಆ ಪದ್ಧತಿ ಬಿಡಲಿಲ್ಲ. “ನೋಡಿ, ನಾನೊಬ್ಬಳೇ ಕಟ್ಟಿದ್ದು,” ಎನ್ನುತ್ತ ಪುಸ್ತಕವನ್ನು ಅವನ ತೊಡೆಯ ಮೇಲಿಟ್ಟಳು. ಅತ್ತಿಗೆಯೂ ಅಲ್ಲೇ ಇದ್ದಳು.

ಅವನು ಎಡಗೈಯಲ್ಲಿ ಪುಟ ಸರಿಸಿದ. ನಡುವೆ ನಿಂತ. ಆಮೇಲೆ ಪುಸ್ತಕವನ್ನು ನಿಧಾನವಾಗಿ ತಲೆಕೆಳಗು ಮಾಡಿ, ಬಿಚ್ಚಿದ ಹಾಗೆಯೇ ಮುಖದ ಮುಂದೆ ಎತ್ತಿ ಹಿಡಿದು “ಬ” ಎಂದ.

ಎದುರು ನಿಂತ ಗೋಂದಕ್ಕನಿಗೆ ಕಂಡದ್ದು ರಟ್ಟು ಮಾತ್ರ. ರಟ್ಟಿನ ಮೇಲೆ ತಲೆ ಕೆಳಗಾಗಿ ನೇತಾಡುವ ಶಿಲುಬೆ. ಅವಳು ಪುಸ್ತಕ ತೆಗೆದುಕೊಂಡು ನೆಟ್ಟಗೆ ಮಾಡಿ ಕೊಟ್ಟಳು. ಅವನು ಮತ್ತೆ ತಿರುವಿದ. ಅವಳು ಮತ್ತೆ ನೆಟ್ಟಗೆ ಮಾಡಿದಳು. ಮೂರನೆಯ ಸಲ ಅವನು ತಿರುವಿ, ಪುಸ್ತಕವನ್ನು ಅವಳ ಎದೆಗೆ ತಳ್ಳಿ, “ಬ, ಬ,” ಎಂದು ಗದರಿದ.

“ಪುಸ್ತಕದ ತಲೆ ಯಾವುದು ಕಾಲು ಯಾವುದು ಅಂತ ಗೊತ್ತಾಗ್ತಿಲ್ಲ ನನ್ನ ತಮ್ಮನಿಗೆ,” ಎಂದಳು ಅತ್ತಿಗೆ. ಈ ಸಲ ಅವಳ ದನಿಯಲ್ಲಿ ಜೋರಿರಲಿಲ್ಲ. “ಜೀವಮಾನ ಎಲ್ಲ ಪುಸ್ತಕ ಹಿಡಿದ ಕೈ.”

ಗೋಂದಕ್ಕ ಪುಸ್ತಕ ಮುಚ್ಚಿ ಉಳಿದವುಗಳ ಜೊತೆ ಸೇರಿಸಿದಳು. “ಸೋಮವಾರ ವ್ಯಾನ್ ಬರೋಕೆ ಹೇಳಿ, ಅತ್ತಿಗೆ,” ಎಂದಳು.

ಮರುದಿನ ಬೆಳಗ್ಗೆ ಒಲೆಯ ಮುಂದೆ ನಿಂತು ಸೌಟು ತಿರುಗಿಸಿದಳು, ಬಾಯಿ ತೆರೆಯಲಿಲ್ಲ. ಕೊನೆಗೆ ಇಷ್ಟೇ ಹೇಳಿದಳು: “ಗುರುತು ಕೇಳಿದ್ದಕ್ಕೆ ಒಳ್ಳೆ ಗುರುತೇ ಕೊಟ್ಟೆ. ನಿನ್ನ ಪುಸ್ತಕ ನಿನ್ನ ಮನೆಗೆ ತಲುಪಿಸ್ತೀನಿ. ಆಮೇಲೆ ನಿನಗೂ ನನಗೂ ಮಾತು ಬೇಡ.” ಅಂದಿನ ಅಂಟು ನೀರಿನಂತಿತ್ತು. ದೇವರ ಮೇಲೆ ಮುನಿಸಿಕೊಂಡವಳು ನಂಬಿಕೆ ಕಳೆದುಕೊಂಡವಳೆಂದು ನಾನಂತೂ ಹೇಳಲಾರೆ. ಇಲ್ಲದವನ ಮೇಲೆ ಯಾರು ಮುನಿಸಿಕೊಳ್ಳುತ್ತಾರೆ? ಆದರೆ ಗೋಂದಕ್ಕನಿಗೆ ಆ ಲೆಕ್ಕಾಚಾರ ಬೇಕಿರಲಿಲ್ಲ. ಅವಳಿಗೆ ಸಾಕಾಗಿಹೋಗಿತ್ತು.

ಭಾನುವಾರ ಗಂಡನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಚರ್ಚಿಗೆ ಹೋದಳು. ಅವನಿಗೆ ಇದು ಕೊನೆಯ ಭಾನುವಾರ, ನಾಳೆ ವ್ಯಾನ್ ಬರುತ್ತದೆ. ಅತ್ತಿಗೆಯೂ ಜೊತೆಗಿದ್ದಳು. ಪ್ರತಿ ಬೆಂಚಿನ ಮೇಲೂ ಹೊಸ ಪುಸ್ತಕಗಳು ಮಿರಮಿರ ಮಿಂಚುತ್ತಿದ್ದವು. ಪಾದ್ರಿಗಳು ಒಂದನ್ನು ಎತ್ತಿ ತೋರಿಸಿ, ಗೋಂದಕ್ಕನ ಶ್ರಮವನ್ನು ಬಾಯ್ತುಂಬ ಹೊಗಳಿದರು. ಗಂಡನನ್ನು ನಾಳೆ ಕಳಿಸಲಿರುವ ಅವಳಿಗೆ ನೆಲ ಬಾಯಿ ಬಿಟ್ಟರೆ ಸಾಕೆನಿಸಿತು.

“ಮೊದಲು ಗೋಂದಣ್ಣನಿಗೆ ಇಷ್ಟವಾದ ಹಾಡು ಹಾಡೋಣ,” ಎಂದರು ಪಾದ್ರಿಗಳು. “ಪುಟ ನೂರ ಮೂರು.”

ವಾದ್ಯ ಶುರುವಾಯಿತು. ಪುಟಗಳು ಸರಸರ ಮಗುಚಿದವು. ಮೊದಲ ಸಾಲು ಎಲ್ಲರಿಗೂ ಬಾಯಿಪಾಠ, ಹಾಡಿದರು. ಎರಡನೆಯ ಸಾಲಿಗೆ ದನಿ ತೆಳ್ಳಗಾಯಿತು. ಮೂರನೆಯದಕ್ಕೆ ವಾದ್ಯವೊಂದೇ ಉಳಿಯಿತು. ತೊಂಬತ್ತಾರನೆಯ ಪುಟ ಆದ ಮೇಲೆ ಅಕ್ಷರಗಳೆಲ್ಲ ಶೀರ್ಷಾಸನ ಹಾಕಿದ್ದವು. ಮುಂದಿನ ಬೆಂಚಿನ ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಯಾರೋ ಒಬ್ಬರು ಪುಸ್ತಕವನ್ನು ತಲೆಕೆಳಗಾಗಿ ತಿರುವಿದರು. ಅವರನ್ನು ನೋಡಿ ಪಕ್ಕದವರು, ಅವರ ಹಿಂದಿನವರು. ನೋಡನೋಡುತ್ತ ಚರ್ಚಿನ ತುಂಬ ಪುಸ್ತಕಗಳು ತಲೆಕೆಳಗಾದವು, ಅವುಗಳ ಜೊತೆ ಬಂಗಾರದ ಶಿಲುಬೆಗಳೂ.

ಏಳನೆಯ ಫಾರಂ. ಮಂಚದ ಮೇಲೆ ಹಾಕಿದ ಅಟ್ಟಿಯನ್ನು ಅವಳು ತಲೆಕೆಳಗಾಗಿ ತಂದಿಟ್ಟಿದ್ದಳು. ಇಪ್ಪತ್ತೆರಡು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಮಣ್ಣುಪಾಲು ಎಂದುಕೊಳ್ಳುತ್ತಿರುವಾಗಲೇ ಪಕ್ಕದಲ್ಲೊಂದು ಸದ್ದು ಕೇಳಿಸಿತು.

ಗೋಂದಣ್ಣ ನಗುತ್ತಿದ್ದ. ಅರ್ಧ ಮುಖದಲ್ಲೇ, ಸೊಟ್ಟಗೆ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಎಂಟು ತಿಂಗಳಲ್ಲಿ ಮೊದಲ ನಗು. ತನ್ನ ತೊಡೆಯ ಮೇಲಿದ್ದ ಪುಸ್ತಕವನ್ನು ಎಡಗೈಯಿಂದ ಬಿಚ್ಚಿ, ಹೆಬ್ಬೆರಳು ಏಳನೆಯ ಫಾರಂನಲ್ಲಿಟ್ಟು, ತಲೆಕೆಳಗು ಮಾಡಿ ಹೆಂಡತಿಯ ಎದೆಗೆ ತಳ್ಳಿದ. ಮನೆಯಲ್ಲಿ ಮೂರು ಸಲ ಮಾಡಿದ್ದನ್ನೇ ನಾಲ್ಕನೆಯ ಸಲ ಮಾಡಿದ. “ಬ,” ಎಂದ. ಮೊದಲೇ ಹೇಳಿದ್ದೆನಲ್ಲ ಎನ್ನುವ ಧಾಟಿಯಲ್ಲಿ.

ಈ ಸಲ ಅವಳು ಒಳಗೆ ನೋಡಿದಳು.

“ನಿಮಗೆ ಗೊತ್ತಿತ್ತು,” ಎಂದಳು. ಅವಳ ದನಿ ಇಡೀ ಚರ್ಚಿಗೆ ಕೇಳಿಸಿತು, ಅವಳಿಗೆ ಪರಿವೆಯಿರಲಿಲ್ಲ. “ನನ್ನ ತಪ್ಪು ಹಿಡಿದು ತೋರಿಸ್ತಾ ಇದ್ರಿ. ನಾನೇ ನೋಡಲಿಲ್ಲ.” ಅವಳು ಅವನ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು, ಅವನ ಎಡಗೈಯನ್ನು ಮುಖಕ್ಕೊತ್ತಿಕೊಂಡು ಅತ್ತಳು. ಸಂತೋಷಕ್ಕೆ ಅತ್ತಳು, ನಾಚಿಕೆಗೂ ಅತ್ತಳು.

ಪಾದ್ರಿಗಳು ತಮ್ಮ ಪುಸ್ತಕವನ್ನೂ ತಿರುವಿ ಹಿಡಿದರು. “ಪುಸ್ತಕ ತಲೆಕೆಳಗಾಗಿದೆ, ಹಾಡು ಆಗಿಲ್ಲ,” ಎಂದರು. “ಮತ್ತೆ ಮೊದಲಿಂದ ಹಾಡೋಣ.” ಎಲ್ಲರೂ ಹಾಡಿದರು. ಗೋಂದಣ್ಣನೂ ತನ್ನ ಒಂದೇ ಅಕ್ಷರದಲ್ಲಿ ಹಾಡಿದ.

ಹೊರಗೆ ಬಂದ ಮೇಲೆ ಗೋಂದಕ್ಕ ಅತ್ತಿಗೆಯತ್ತ ತಿರುಗಿದಳು. “ಅತ್ತಿಗೆ, ಆ ವ್ಯಾನಿನವರಿಗೆ...”

“ಬರಬೇಡಿ ಅಂತ ಫೋನ್ ಮಾಡಾಯ್ತು,” ಎಂದಳು ಅತ್ತಿಗೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. “ಎರಡನೇ ಚರಣ ಹಾಡ್ತಿರುವಾಗಲೇ ಹೊರಗೆ ಬಂದು ಮಾಡಿದೆ. ದೇವರು ಕ್ಷಮಿಸಲಿ.”

ಮನೆಗೆ ಬಂದು ಗೋಂದಕ್ಕ ಗಂಡನೆದುರು ಕೂತು ವಿಚಾರಣೆ ಶುರು ಮಾಡಿದಳು. ಹೌದಾದರೆ ಮೇಜು ಒಂದು ಸಲ ತಟ್ಟಬೇಕು, ಅಲ್ಲವಾದರೆ ಎರಡು ಸಲ. ಎಂಟು ತಿಂಗಳು ನಾನು ಹೇಳಿದ್ದೆಲ್ಲ ಕೇಳಿಸುತ್ತಿತ್ತೇ? ಒಂದು. ಅರ್ಥವೂ ಆಗುತ್ತಿತ್ತೇ? ಒಂದು. ರಟ್ಟಿನ ಅಂಗಡಿಯವನ ಕಥೆಯೂ? ಒಂದು, ಜೊತೆಗೆ ನಿಟ್ಟುಸಿರು. “ಅತ್ತಿಗೆ ನಿಮ್ಮನ್ನ ಗೋಡೆ ಅಂದದ್ದು?” ಅವನು ಮೇಜನ್ನು ಗುದ್ದಿದ ರಭಸಕ್ಕೆ ಅತ್ತಿಗೆ ಎದ್ದು ಅಡುಗೆಗೆ ಹೋದಳು.

ಅವನಿಗೆ ಮಾತು ಬರಲಿಲ್ಲ, ಡಾಕ್ಟರು ಇನ್ನು ಬರುವುದಿಲ್ಲ ಎಂದರು. ಗೋಂದಕ್ಕನ ಬೆನ್ನು ನೆಟ್ಟಗಾಗಲಿಲ್ಲ. ಹಾಡಿನ ಪುಸ್ತಕಗಳನ್ನೆಲ್ಲ ಬಿಚ್ಚಿ ಸರಿಪಡಿಸಿ ಕೊಡುವೆನೆಂದು ಅವಳು ಹಟ ಹಿಡಿದಳು; ಕೆಲಸಗಾರ್ತಿಯ ಮಾನದ ಪ್ರಶ್ನೆ. ವಾರಕ್ಕೆ ಹತ್ತರಂತೆ ಬಿಚ್ಚಿದಳು. ಪ್ರತಿ ಫಾರಂ ಅನ್ನೂ ಗೋಂದಣ್ಣ ಎಡಗೈಯಲ್ಲಿ ಸರಿಸಿ ನೋಡಿ, ಒಂದು ಸಲ ತಟ್ಟಿದ ಮೇಲೆಯೇ ಅದು ಹೊಲಿಗೆಗೆ ಹೋಗುತ್ತಿತ್ತು. ಒಂದು ಪ್ರತಿಯನ್ನು ಮಾತ್ರ ಬಿಚ್ಚಲು ಅವನು ಬಿಡಲಿಲ್ಲ. ಅದನ್ನು ಮೂಸಿ, ಕಿಟಕಿಯ ಮೇಲಿಟ್ಟುಕೊಂಡ.

ಆ ಸೋಮವಾರ, ವ್ಯಾನ್ ಬರಬೇಕಿದ್ದ ಹೊತ್ತಿಗೆ, ಗೋಂದಕ್ಕ ಒಲೆಯ ಮುಂದೆ ನಿಂತಿದ್ದಳು. ಮುಂದಿನ ಕೋಣೆಯಿಂದ ಅವನು “ಬ” ಎಂದು ಕರೆದ. ಕರೆದದ್ದು ತನ್ನನ್ನೇ, ತನ್ನ ಹೆಸರು ಹಿಡಿದೇ ಎಂದು ಅವಳಿಗೆ ಗೊತ್ತಾಯಿತು. “ಬಂದೆ ಇರಿ,” ಎಂದು ಕೂಗಿ, ಸೌಟು ಬಿಡದೆ ತಲೆ ತಗ್ಗಿಸಿದಳು.

“ಯೇಸಪ್ಪ, ಮಾತು ಬೇಡ ಅಂದಿದ್ದೆ. ತಪ್ಪಾಯ್ತು. ಎಂಟು ತಿಂಗಳು ಗುರುತು ಕೊಡು, ಗುರುತು ಕೊಡು ಅಂತ ನಿನ್ನ ಪ್ರಾಣ ತಿಂದೆ. ನೀನು ಕೊಟ್ಟಾಗ ಮೂರು ಸಲ ನೆಟ್ಟಗೆ ಮಾಡಿ ವಾಪಸ್ ಕೊಟ್ಟೆ.”

ಇನ್ನೂ ಬಹಳ ಹೇಳುವುದಿತ್ತು. ಅಂಟು ತಳ ಹಿಡಿಯಿತು.